ಗುಂಡಿನ ಸದ್ದು ಸಾಕು

ಪ್ರೀತಿಯ ತಮ್ಮಾ,

ನಿನ್ನ ಚಿತ್ರಕಥೆ ಓದಿದೆ. ಜೊತೆಗೆ ಬರೆದ ಗೋಳನ್ನೂ ಓದಿದೆ. ದುಡ್ಡಿಲ್ಲ, ಅದಕ್ಕೇ ಚೇಸ್ ಇಲ್ಲ, ಫೈಟ್ ಇಲ್ಲ, ಕಥೆ ಸಪ್ಪೆಯಾಯ್ತು ಅಂತೀಯ. ನಿನ್ನ ಇನ್ಸ್‌ಪೆಕ್ಟರ್ ಮೊದಲ ಹತ್ತು ಪುಟದಲ್ಲೇ ತನ್ನ ನೋವನ್ನೆಲ್ಲ ತೋಡಿಕೊಂಡು ಮುಗಿಸುತ್ತಾನೆ. ಸಪ್ಪೆಯಾಗಿದ್ದು ಅಲ್ಲಿ.

ಬಿಡುವು ಮಾಡಿಕೊಂಡು ‘ಸೆವೆನ್ ಮೆನ್ ಫ್ರಮ್ ನೌ’ ನೋಡು. 1956ರ ವೆಸ್ಟರ್ನ್, ಅಂದರೆ ಕುದುರೆ ಸವಾರರ, ಬಂದೂಕಿನ ಅಮೆರಿಕನ್ ಸಿನಿಮಾ, ಕಡಿಮೆ ಖರ್ಚಿನದು. 78 ನಿಮಿಷ, ಅಷ್ಟೇ. ನಿರ್ದೇಶಕ ಬಡ್ ಬೆಟ್ಟಿಕರ್. ಬರೆದವನು ಬರ್ಟ್ ಕೆನಡಿ, ಅವನೂ ಆಗ ಹೊಸಬ. ದೊಡ್ಡ ಸೆಟ್ಟುಗಳ ಗೊಡವೆಯಿಲ್ಲ, ಬಹುಪಾಲು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಹತ್ತಿರದ ಬಂಡೆಗುಡ್ಡಗಳೇ.

ಶುರುವಿನ ದೃಶ್ಯವನ್ನು ಎರಡು ಸಲ ನೋಡು. ರಾತ್ರಿ, ಜೋರು ಮಳೆ. ಬಂಡೆಯ ಮರೆಯಲ್ಲಿ ಇಬ್ಬರು ಬೆಂಕಿ ಕಾಯಿಸುತ್ತಿದ್ದಾರೆ. ಬೆನ್ ಸ್ಟ್ರೈಡ್ ನಡೆದುಕೊಂಡು ಬರುತ್ತಾನೆ. ರ‍್ಯಾಂಡಾಲ್ಫ್ ಸ್ಕಾಟ್ ಆ ಪಾತ್ರ ಮಾಡಿದ್ದಾನೆ. ಅವರು ಕಾಫಿ ಕೊಡುತ್ತಾರೆ. ಕುದುರೆ ಎಲ್ಲಿ ಅಂತ ಕೇಳುತ್ತಾರೆ. ಮಾತು ಸಿಲ್ವರ್ ಸ್ಪ್ರಿಂಗ್ಸ್ ಊರಿನ ದರೋಡೆಯ ಕಡೆ ಹೊರಳುತ್ತದೆ. ಇವನು ಚೆನ್ನಾಗೇ ಮಾತಾಡುತ್ತಾನೆ, ಆದರೂ ಆ ಇಬ್ಬರಿಗೆ ಒಳಗೊಳಗೇ ಪುಕಪುಕ. ಆಮೇಲೆ ಕ್ಯಾಮೆರಾ ಹೊರಗೆ ಕಟ್ಟಿದ ಕುದುರೆಗಳನ್ನು ತೋರಿಸುತ್ತದೆ. ಗುಂಡಿನ ಸದ್ದು ಕೇಳುತ್ತದೆ. ಬೆಳಗ್ಗೆ ಸ್ಟ್ರೈಡ್ ಆ ಕುದುರೆಗಳ ಜೊತೆ ಹೊರಟಿದ್ದಾನೆ.

ಅವನು ಯಾರು, ಯಾಕೆ ಕೊಂದ? ಏನೂ ಹೇಳಿಲ್ಲ. ಆದರೂ ನೀನು ಎದ್ದು ಹೋಗಲ್ಲ, ಅಲ್ವಾ?

ವಿಷಯ ಬಿಡಿಬಿಡಿಯಾಗಿ ಬರುತ್ತದೆ. ಸ್ಟ್ರೈಡ್ ಷರೀಫ್ ಆಗಿದ್ದವನು, ಅಂದರೆ ಜನ ಆರಿಸಿದ ಪೊಲೀಸ್ ಅಧಿಕಾರಿ. ಚುನಾವಣೆಯಲ್ಲಿ ಸೋತ. ಕೆಳಗಿನ ಹುದ್ದೆ ಕೊಟ್ಟರೆ ಸ್ವಾಭಿಮಾನ ಅಡ್ಡ ಬಂತು. ಮನೆ ನಡೆಯಲಿ ಅಂತ ಹೆಂಡತಿ ಹಣ, ಸರಕು ಸಾಗಿಸುವ ವೆಲ್ಸ್ ಫಾರ್ಗೋ ಕಂಪನಿಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಆ ದರೋಡೆಯಲ್ಲಿ ಸತ್ತಳು. ದರೋಡೆ ಮಾಡಿದ ಏಳು ಜನರನ್ನು ಅಟ್ಟಿಸಿಕೊಂಡು ಹೋಗುವವನ ಲೆಕ್ಕದಲ್ಲಿ ಎಂಟನೇ ತಪ್ಪಿತಸ್ಥ ತಾನೇ. ಇದು ಶುರುವಿಗೇ ಗೊತ್ತಾಗಿದ್ದರೆ ಬರೀ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಇನ್ನು ಖಳನಾಯಕ. ನಿನ್ನವನು ಸುಮ್ನೆ ಕಿರುಚುತ್ತಾನೆ. ಇಲ್ಲಿ ಲೀ ಮಾರ್ವಿನ್ ಮಾಡಿದ ಮಾಸ್ಟರ್ಸ್ ಮಳೆಯಲ್ಲಿ ಗಾಡಿಯೊಳಗೆ ಕೂತು, ಕಾಫಿ ಕುಡಿಯುತ್ತಾ, ಇನ್ಯಾರದೋ ಗಂಡ ಹೆಂಡತಿಯ ಕಥೆ ಹೇಳುತ್ತಾನೆ. ಎದುರಿಗೆ ಕೂತವರು ದಾರಿಯಲ್ಲಿ ಸ್ಟ್ರೈಡ್‌ಗೆ ಜೊತೆಯಾದ ಗಂಡ, ಹೆಂಡತಿ, ಮತ್ತೆ ಸ್ಟ್ರೈಡ್. ಮೂವರಿಗೂ ಅದು ಯಾರಿಗೆ ಚುಚ್ಚುತ್ತಿದೆ ಅಂತ ಗೊತ್ತು. ಆ ಗಾಡಿಯ ಇಕ್ಕಟ್ಟಿಗೆ ಎಷ್ಟು ಖರ್ಚಾಗಿರಬಹುದು ಹೇಳು! ನಿನ್ನ ಲಾಕಪ್ಪಿನ ದೃಶ್ಯವನ್ನು ಹೀಗೆ ಬರೆಯಬಹುದು. ಸಬ್‌ಇನ್ಸ್‌ಪೆಕ್ಟರ್ ಟೀ ತರಲಿ, ಕಳ್ಳ ಮಾತಾಡಲಿ.

ಕೊನೆಯ ಕಾಳಗದಲ್ಲೂ ಸ್ಟ್ರೈಡ್ ಗುರಿಯಿಡುವುದನ್ನು ಬೆಟ್ಟಿಕರ್ ತೋರಿಸುವುದೇ ಇಲ್ಲ. ನಮಗೆ ಕಾಣುವುದು ಮಾಸ್ಟರ್ಸ್. ತನಗೆ ಗುಂಡು ಬಿದ್ದಿದೆ ಅಂತ ಅವನಿಗೇ ನಂಬಿಕೆ ಬರುತ್ತಿಲ್ಲ.

ಎಲ್ಲವನ್ನೂ ಕಲಿಯಬೇಡ ಮತ್ತೆ. ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನ ಈ ಚಿತ್ರದಲ್ಲಿ ಹೆದರಿಸುವುದಕ್ಕಷ್ಟೇ ಬರುತ್ತಾರೆ. ಆ ಕಾಲದ ವೆಸ್ಟರ್ನ್‌ಗಳ ಚಾಳಿ ಅದು. ನಿನ್ನ ಕಥೆಯ ಕೊಳೆಗೇರಿ ಹುಡುಗರೂ ಸದ್ಯಕ್ಕೆ ಅಷ್ಟೇ ಇದ್ದಾರೆ. ಅವರಿಗೊಂದು ಹೆಸರು, ಒಂದು ಕೆಲಸ ಕೊಡು.

ಇನ್ಸ್‌ಪೆಕ್ಟರ್ ಅಳುವ ಪುಟ ತೆಗೆದು ಹೊಸ ಕರಡು ಕಳಿಸು. ಅಕ್ಷರ ಸ್ವಲ್ಪ ದಪ್ಪಗಿರಲಿ ಮಾರಾಯ, ನನ್ನ ಕಣ್ಣು ಮೊದಲಿನ ಹಾಗಿಲ್ಲ.

ನಿನ್ನ,
ಅಣ್ಣ