ಬೆಳಚಿನ ವಿಷ ಕುದಿಸಿದರೆ ಹೋಗದು

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ಸಮುದ್ರ ಕೆಂಪಾಯಿತು, ರಾತ್ರಿ ಅಲೆ ನೀಲಿಯಾಗಿ ಹೊಳೆಯಿತು ಎಂಬ ಸುದ್ದಿ ಬಂದಾಗಲೆಲ್ಲ ಹುಬ್ಬಳ್ಳಿ-ಧಾರವಾಡದಲ್ಲಿ ಕಾರವಾರದ ಮೀನು ತಿನ್ನಬಹುದೇ ಎಂಬ ಪ್ರಶ್ನೆ ಏಳುತ್ತದೆ. ನೀರಿನ ಬಣ್ಣ ನೋಡಿ ಇದಕ್ಕೆ ಉತ್ತರ ಹೇಳಲಾಗದು.

ಹಾಗೆ ಹೊಳೆಯುವುದು ಹೆಚ್ಚಾಗಿ ನಾಕ್ಟಿಲ್ಯೂಕ. ಒಂದೇ ಕೋಶದ ಜೀವಿಯಾದರೂ ಬರಿಗಣ್ಣಿಗೆ ಕಾಣುತ್ತದೆ. ಗಾಜಿನ ಲೋಟದಲ್ಲಿ ಆ ನೀರು ತುಂಬಿ ಬೆಳಕಿಗೆ ಹಿಡಿದರೆ, ನೆನೆದ ಸಾಬೂದಾನಿಯ ತೀರಾ ಸಣ್ಣ ಕಾಳುಗಳಂತೆ ತೇಲುವುದು ಅದೇ. ಇದು ತಾನಾಗಿ ನರದ ವಿಷ ತಯಾರಿಸುವುದಿಲ್ಲ. ಆದರೆ ಮೈಯಲ್ಲಿ ಅಮೋನಿಯಾ ತುಂಬಿಕೊಂಡಿರುತ್ತದೆ, ರಾಶಿಯಾಗಿ ಸತ್ತು ಕೊಳೆತರೆ ನೀರಿನ ಆಮ್ಲಜನಕವೂ ಮುಗಿಯುತ್ತದೆ. ಮೀನು ಸಾಯುವುದು ಇದರಿಂದ. ಸತ್ತು ದಡಕ್ಕೆ ಬಂದ ಮೀನನ್ನಂತೂ ಮುಟ್ಟಬಾರದು.

ನಿಜವಾದ ಅಪಾಯ ಅಲೆಕ್ಸಾಂಡ್ರಿಯಂ ಎಂಬ ಪಾಚಿಯದು. ಗಾತ್ರ ಸುಮಾರು 0.03 ಮಿಲಿಮೀಟರ್. ನೀರಿನ ಬಣ್ಣ ಬದಲಾಗುವಷ್ಟು ಬೆಳೆಯುವ ಮೊದಲೇ ಅಪಾಯ ಶುರು. ಬೆಳಚು, ಚಿಪ್ಪಿಕಲ್ಲಿನಂಥ ಚಿಪ್ಪಿನ ಜೀವಿಗಳು ಹಗಲೂ ರಾತ್ರಿ ನೀರು ಸೋಸಿ ತಿನ್ನುವುದರಿಂದ, ಪಾಚಿಯ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಅವುಗಳ ಮೈಯಲ್ಲಿ ಕೂಡುತ್ತ ಹೋಗುತ್ತದೆ. ಬೆಳಚು ಸಾಯುವುದಿಲ್ಲ, ನಾತ ಬರುವುದಿಲ್ಲ, ಕುದಿನೀರಿಗೆ ಹಾಕಿದರೆ ಬಾಯಿಯೂ ಸರಿಯಾಗಿಯೇ ತೆರೆಯುತ್ತದೆ. ಹೀಗಾಗಿ ಅಡುಗೆಮನೆಯ ಯಾವ ಪರೀಕ್ಷೆಯೂ ಇಲ್ಲಿ ನಡೆಯದು.

ಚೆನ್ನಾಗಿ ಕುದಿಸಿದರಾಯಿತು ಎನ್ನುವವರು ಬಹಳ. ಕುದಿತಕ್ಕೆ ಸಾಯುವುದು ರೋಗಾಣು, ಇದು ರಾಸಾಯನಿಕ. ಹುಣಸೆಹುಳಿ ಹಾಕಿದರೆ ಹುಳಿಯಲ್ಲಿ ಇನ್ನೂ ಭದ್ರವಾಗಿ ಉಳಿಯುತ್ತದೆ. ಒಂದಿಷ್ಟು ಸಾರಿಗೆ ಇಳಿಯುತ್ತದೆ, ಆ ಸಾರನ್ನೂ ನಾವೇ ಉಣ್ಣುತ್ತೇವೆ. ಬರ್ಫದಲ್ಲಿಟ್ಟರೂ ಹೋಗದು.

ನರಗಳಲ್ಲಿ ಸಂದೇಶ ಸಾಗಲು ಬೇಕಾದ ಸೋಡಿಯಂ ದಾರಿಯನ್ನು ಈ ವಿಷ ಮುಚ್ಚುತ್ತದೆ. ಮೊದಲು ತುಟಿ, ನಾಲಿಗೆ ಜುಮುಗುಡುತ್ತವೆ, ಆಮೇಲೆ ಬೆರಳುಗಳು; ವಿಷ ಹೆಚ್ಚಿದ್ದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಪ್ರತಿವಿಷವಿಲ್ಲ, ವೆಂಟಿಲೇಟರ್ ಒಂದೇ ಆಸರೆ. ಹೀಗಾಗಿ ತುಟಿ ಜುಮುಗುಟ್ಟಿದ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಏನು ತಿಂದಿರೆಂದು ಡಾಕ್ಟರಿಗೆ ಹೇಳಬೇಕು. 1981ರಲ್ಲಿ ತಮಿಳುನಾಡಿನ ವಾಯಲೂರಿನಲ್ಲಿ ಇಂಥ ಚಿಪ್ಪು ತಿಂದು 3 ಜನ ತೀರಿಕೊಂಡರು.

ಮೀನಿನ ಖಂಡದಲ್ಲಿ ಈ ವಿಷ ಅಷ್ಟಾಗಿ ಕೂಡುವುದಿಲ್ಲ. ಆದರೆ ತಾರ್ಲೆ (ಬೂತಾಯಿ) ಎಂಬುದು ಪಾಚಿ ತಿನ್ನುವ ಮೀನು. ಚಿಕ್ಕದೆಂದು ಇಡಿಯಾಗಿ ಹುರಿಯದೆ ಕರುಳು ತೆಗೆದು ತೊಳೆಯಬೇಕು.

ಸಮುದ್ರದ ಚಿತ್ರದ ಜೊತೆ ಪಾಚಿಯ ಹೆಸರನ್ನೂ, ಚಿಪ್ಪಿನ ಮಾಂಸದಲ್ಲಿರುವ ವಿಷದ ಅಳತೆಯನ್ನೂ ಪತ್ರಿಕೆ ಕೇಳಿ ಪ್ರಕಟಿಸಲಿ. ಕೆ.ಜಿ.ಗೆ 0.8 ಮಿಲಿಗ್ರಾಂ ಮೀರಿದರೆ ಮಾರುವಂತಿಲ್ಲ ಎಂಬುದು ಹಲವು ದೇಶಗಳು ಪಾಲಿಸುವ ಮಿತಿ. ಆ ಅಂಕಿ ಕೈಗೆ ಬರುವವರೆಗೆ ಬೆಳಚಿನ ಬದಲು ಇಸ್ವಾಣ ಮೀನು ಕೊಳ್ಳುವುದು ಮೇಲು.

– ಇಬ್ಬರು ಸಸ್ಯಶಾಸ್ತ್ರ ಅಧ್ಯಾಪಕರು, ಧಾರವಾಡ