ಇಬ್ಬರೇ ನುಡಿಸುವಾಗ

ಪ್ರೀತಿಯ ಪುಟ್ಟಾ,

ನಿನಗೆ ಮಾವನ ಆಶೀರ್ವಾದ. ಪತ್ರ ತಲುಪಿತು. ತಗ್ಗಿನ ಸ್ವರ ಹಿಡಿಯುವ ಬೇಸ್ ಇಲ್ಲ, ಡ್ರಮ್ಸ್ ಇಲ್ಲ, ಬರೀ ಪಿಯಾನೋ ಜೊತೆ ಸ್ಯಾಕ್ಸೋಫೋನ್‌ನಲ್ಲಿ ಜಾಝ್ ನುಡಿಸಬೇಕು ಅಂದರೆ ಭಯ ಅಂತ ಬರೆದಿದ್ದೀಯ. ಖಾಲಿ ಅನಿಸಿದ ಕಡೆಯೆಲ್ಲ ಜಾಸ್ತಿ ಸ್ವರ ಹಾಕುತ್ತಿದ್ದೀಯಂತೆ. ಬೇಡ ಕಣೋ. ಆ ಜಾಗವನ್ನು ಹಾಗೇ ಬಿಡು.

ಮೊದಲು ಸ್ಯಾಕ್ಸೋಫೋನಿನ ಸ್ಟ್ಯಾನ್ ಗೆಟ್ಜ್ ಮತ್ತು ಪಿಯಾನೋದ ಕೆನ್ನಿ ಬ್ಯಾರನ್ ಅವರ 'ಪೀಪಲ್ ಟೈಮ್' ಆಲ್ಬಮ್ ಕೇಳು. 1991ರ ಮಾರ್ಚ್‌ನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಮೊಂಮಾರ್ತ್ ಕ್ಲಬ್ಬಿನಲ್ಲಿ ನಾಲ್ಕು ರಾತ್ರಿ ನುಡಿಸಿದ್ದು. ಗೆಟ್ಜ್ ಅವರಿಗೆ ಆಗ ಲಿವರ್ ಕ್ಯಾನ್ಸರ್. ಅದೇ ವರ್ಷ ಜೂನ್ 6ರಂದು ತೀರಿಕೊಂಡರು. ಒಂದು ಸೋಲೋ, ಅಂದರೆ ತಾವೇ ಮುಂದಾಗಿ ನುಡಿಸುವ ಭಾಗ, ಮುಗಿಸುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ಆದರೆ ಕಾಯಿಲೆಯವರು ಅಂತ ಕನಿಕರದಿಂದ ಕೇಳಬೇಡ, ಆ ಸಂಗೀತಕ್ಕೆ ಅದು ಬೇಕಿಲ್ಲ. ಚಾರ್ಲಿ ಹೇಡನ್ ರಚಿಸಿದ 'ಫಸ್ಟ್ ಸಾಂಗ್' ಹಾಕಿಕೋ. ಸ್ಯಾಕ್ಸೋಫೋನ್ ಬಿಟ್ಟು ಬರೀ ಪಿಯಾನೋ ಮೇಲೆ ಕಿವಿಯಿಡು. ಗೆಟ್ಜ್ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಬ್ಯಾರನ್ ನುಗ್ಗುವುದಿಲ್ಲ, ಕೈಬಿಡುವುದೂ ಇಲ್ಲ. ಬೇಸ್ ಮಾಡಬೇಕಾದ ಕೆಲಸವನ್ನು ಎಡಗೈ ನೋಡಿಕೊಳ್ಳುತ್ತದೆ. ಗೆಟ್ಜ್ ಬ್ಯಾರನ್‌ಗಿಂತ ಹದಿನಾರು ವರ್ಷ ದೊಡ್ಡವರು. ಆದರೆ ಕೇಳುವಾಗ ಯಾರು ಮುಂದೆ, ಯಾರು ಪಕ್ಕವಾದ್ಯ ಅಂತ ಹೇಳೋಕಾಗಲ್ಲ.

ಆಮೇಲೆ ಸ್ಯಾಕ್ಸೋಫೋನಿನ ಆರ್ಚಿ ಶೆಪ್ ಮತ್ತು ಪಿಯಾನೋದ ಹೊರೇಸ್ ಪಾರ್ಲನ್ ಅವರನ್ನು ಕೇಳು. ಇವರಿಬ್ಬರೂ 1977ರಲ್ಲಿ ಅದೇ ಊರಲ್ಲಿ ಕಪ್ಪು ಅಮೆರಿಕನ್ನರ ಹಳೆಯ ಭಕ್ತಿಗೀತೆಗಳನ್ನು ರೆಕಾರ್ಡ್ ಮಾಡಿದರು. ಶೆಪ್ ಅಲ್ಲಿಯವರೆಗೆ ಅಬ್ಬರಕ್ಕೆ, ಸಿಟ್ಟಿಗೆ ಹೆಸರಾದವರು. ಇಲ್ಲಿ ರಾಗವನ್ನು ಹೆಚ್ಚು ಕದಲಿಸದೆ ನುಡಿಸುತ್ತಾರೆ. ಪಾರ್ಲನ್ ಅವರಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗೈಯ ಬೆರಳುಗಳು ಪೂರ್ತಿ ಆಡುತ್ತಿರಲಿಲ್ಲ. ಹಾಗಾಗಿ ಎಡಗೈಯನ್ನು ಗಟ್ಟಿಮಾಡಿಕೊಂಡು ತಮ್ಮದೇ ದಾರಿ ಕಂಡುಕೊಂಡರು. ಬೇಕಾದಷ್ಟೇ ಸ್ವರ, ಅದೂ ತೂಕದ್ದು. ನನಗೆ ಗೆಟ್ಜ್‌ಗಿಂತಲೂ ಇದು ಹತ್ತಿರ ಅನಿಸುತ್ತದೆ.

ನಿನ್ನ ಜೊತೆ ನುಡಿಸುವ ಹುಡುಗಿಗೆ ಹಾಡಿನ ಒಂದಿಡೀ ಸುತ್ತು ಒಬ್ಬಳೇ ನುಡಿಸೋಕೆ ಬಿಡು. ಆಗ ನೀನು ಮುಂದಿನ ಸೋಲೋ ಯೋಚಿಸುತ್ತಾ ನಿಲ್ಲಬೇಡ, ಅವಳ ಎಡಗೈ ಕೇಳು. ಅವಳು ಎಲ್ಲಿ ನಿಲ್ಲಿಸಿದಳೋ ಅಲ್ಲಿಂದಲೇ ನೀನು ಎತ್ತಿಕೋ. ಲಯ ತಪ್ಪಿದರೆ ಕಾಲು ಕುಟ್ಟಿ ಅವಳನ್ನು ಎಳೆಯಬೇಡ. ಒಂದು ಉದ್ದ ಸ್ವರ ಹಿಡಿದು ಕಾಯುತ್ತಿರು, ಅವಳೇ ಬಂದು ಸೇರುತ್ತಾಳೆ.

ಶ್ರುತಿಯ ವಿಷಯ ಮರೀಬೇಡ. ಪಿಯಾನೋ ನಿನಗಾಗಿ ಬದಲಾಗುವುದಿಲ್ಲ. ಸ್ಯಾಕ್ಸೋಫೋನ್ ತಣ್ಣಗಿದ್ದಾಗ ಶ್ರುತಿ ಇಳಿದಿರುತ್ತದೆ, ಬಿಸಿಯಾದಂತೆ ಏರುತ್ತದೆ. ಸ್ವಲ್ಪ ಹೊತ್ತು ನುಡಿಸಿ ಆಮೇಲೆ ಮೌತ್‌ಪೀಸ್ ಸರಿಮಾಡಿಕೋ. ಇಬ್ಬರೇ ಇರುವಾಗ ಕೂದಲೆಳೆಯಷ್ಟು ವ್ಯತ್ಯಾಸವೂ ಕೇಳಿಬಿಡುತ್ತದೆ, ಅಲ್ವಾ?

ಮೈಕ್ ಬೇಡ ಅನ್ನುವಷ್ಟು ಚಿಕ್ಕ ಹಾಲ್ ಸಿಕ್ಕರೆ ಅಲ್ಲೇ ಮಾಡಿ. ಅವಳ ಮುಖ ಕಾಣುವ ಹಾಗೆ ನಿಂತುಕೋ. ಪ್ರಾಕ್ಟೀಸ್ ಮಾಡಿದ್ದನ್ನು ಫೋನಲ್ಲೇ ರೆಕಾರ್ಡ್ ಮಾಡಿ ಕಳಿಸು, ಕೇಳಿ ಮತ್ತೆ ಬರೀತೀನಿ. ಅಕ್ಕ, ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ಮಾವ