ಪೇರಳೆ ಮರದವರು

ಪ್ರೀತಿಯ ಬಾಯೆ,

ಮನೆಯಲ್ಲಿ ಕೊಂಕಣಿ ಮಾತಾಡುವ ನನಗೆ ಪತ್ರ ಬರೆಯಲು ಕೂತರೆ ಕನ್ನಡವೇ ಬರುತ್ತದೆ. ನಮ್ಮ ಕಾಲದ ಶಾಲೆ ಹಾಗಿತ್ತು, ಏನು ಮಾಡೋದು.

"ಪಪ್ಪಾ, ಲಿಸ್ಬನ್ನಿನಲ್ಲಿ ನಮ್ಮ ನೆಂಟರು ಸಿಕ್ಕಿದರು!" ಅಂತ ನೀನು ಫೋನಿನಲ್ಲಿ ಕೂಗಿದ್ದಕ್ಕೆ ಮಮ್ಮಿ ಅಡುಗೆಮನೆಯಿಂದ ಓಡಿ ಬಂದಳು. ನಿನಗೆ ರೂಮು ಕೊಟ್ಟ ಅಜ್ಜಿಯೂ ಪಿರೇರಾ, ನಾವೂ ಪಿರೇರಾ. ಅವರ ಮೂಗು ಥೇಟ್ ನಿನ್ನ ಅತ್ತೆಯ ಮೂಗಿನ ಹಾಗೇ ಇದೆ ಅಂದೆ. ಮೂಗಿನ ಸುದ್ದಿ ನನಗೆ ಬೇಡ. ಹೆಸರಿನ ಸುದ್ದಿ ಹೇಳುತ್ತೇನೆ.

ಪೋರ್ಚುಗೀಸರಲ್ಲಿ ಪಿರೇರಾ ಅಂದರೆ ಪೇರ್ ಹಣ್ಣಿನ ಮರ. ಅಲ್ಲಿ ಬೀದಿಗೊಬ್ಬ ಪಿರೇರಾ ಸಿಗುತ್ತಾನೆ. ನಮಗೆ ಆ ಹೆಸರು ರಕ್ತದಿಂದ ಬಂದದ್ದಲ್ಲ. ಗೋವಾದಲ್ಲಿ ನಮ್ಮ ಹಿರಿಯರು ಜ್ಞಾನಸ್ನಾನ ಪಡೆದು ಕ್ರೈಸ್ತರಾದಾಗ ಪಾದ್ರಿಯದ್ದೋ, ಧರ್ಮಪಿತನಾಗಿ ನಿಂತ ಪೋರ್ಚುಗೀಸನದ್ದೋ ಅಡ್ಡಹೆಸರು ಸಿಗುತ್ತಿತ್ತು. ಸಂಬಂಧವೇ ಇಲ್ಲದ ಎರಡು ಮನೆಗೆ ಒಂದೇ ಹೆಸರು ಬಂದದ್ದುಂಟು. ಅಣ್ಣನಿಗೊಂದು, ತಮ್ಮನಿಗೊಂದು ಬಂದದ್ದೂ ಉಂಟು. ನಮ್ಮ ಕಡೆಯ ಒಬ್ಬ ಹುಡುಗ ಈ ಹೆಸರು ಹಿಡಿದುಕೊಂಡೇ ಪೋರ್ಚುಗಲ್ ಪಾಸ್‌ಪೋರ್ಟ್ ಕೇಳಲು ಹೊರಟಿದ್ದ, ಪಾಪ. ಅದು ಸಿಗುವುದು 1961ರ ಡಿಸೆಂಬರ್ 19ಕ್ಕೆ ಮುಂಚೆ ಗೋವಾದಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ. ನಾವು ಗೋವಾ ಬಿಟ್ಟು ಶತಮಾನಗಳೇ ಆದವು.

ನಾನೂ ನಿನ್ನ ಹಾಗೇ ಮೋಸ ಹೋದವನೇ. 2024ರ ಡಿಸೆಂಬರಿನಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆ ಹಳೆ ಗೋವಾಕ್ಕೆ ಹೋಗಿದ್ದೆವಲ್ಲ, ಆ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಮುದುಕಿ ನಿಂತಿದ್ದರು. ಗೋವಾದ ಬಾರ್ದೇಸಿನವರು. ಅವರೂ ಪಿರೇರಾ. ತಮ್ಮ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಬರಗಾಲದಲ್ಲಿ ದೋಣಿ ಹತ್ತಿ ದಕ್ಷಿಣಕ್ಕೆ ಹೋದನಂತೆ, ಮತ್ತೆ ಬರಲಿಲ್ಲವಂತೆ. ನನ್ನ ಆಬ್, ಅಂದರೆ ಅಜ್ಜ, ಹೇಳುತ್ತಿದ್ದ ಕಥೆಯೂ ಅದೇ! ನನಗೆ ಮೈ ಜುಮ್ಮೆಂದಿತು. ಆಮೇಲೆ ಬಸ್ಸಿನಲ್ಲಿ ಹೇಳಿದರೆ, ನಮ್ಮ ಜೊತೆ ಬಂದಿದ್ದ ಲೋಬೊಗಳು, ಪಿಂಟೊಗಳು ಎಲ್ಲರ ಮನೆಯಲ್ಲೂ ಇಬ್ಬರು ಅಣ್ಣತಮ್ಮಂದಿರು, ಒಂದು ದೋಣಿ!

ಕಾಗದ ಪತ್ರದಲ್ಲಿ ಹುಡುಕೋಣ ಅಂದರೆ ಅದೂ ಇಲ್ಲ. 1784ರಲ್ಲಿ ಟಿಪ್ಪು ನಮ್ಮ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಗಳೂ, ಅಂದರೆ ಚರ್ಚುಗಳೂ, ಉರುಳಿದವು. ಬದುಕಿ ಉಳಿದವರು ಊರಿಗೆ ಬಂದದ್ದು 1799ರ ನಂತರ. ಅದರ ಹಿಂದಿನದ್ದಕ್ಕೆ ಮುದುಕರ ಬಾಯಿಮಾತೇ ಗತಿ. ನಮ್ಮ ಮನೆಯಲ್ಲಿ ಉಳಿದದ್ದು ಎರಡೇ ಮಾತು. ಕ್ರೈಸ್ತರಾಗುವ ಮೊದಲು ನಮ್ಮ ಅಡ್ಡಹೆಸರು ಪ್ರಭು. ಊರು ಗೋವಾದ ವೆರ್ಣ. ಹೆಣ್ಣು ಗಂಡು ನೋಡುವಾಗ ಮಾತ್ರ ಈ ಮಾತು ಹೊರಗೆ ಬರುತ್ತಿತ್ತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ರಥಬೀದಿಯಲ್ಲಿ ಮಳೆ ಹಿಡಿಯಿತು. ಒಂದು ಪಾತ್ರೆ ಅಂಗಡಿಯ ಜಗಲಿ ಹತ್ತಿದೆ. ಮಮ್ಮಿಗೆ ಫೋನ್ ಮಾಡಿ ಕೊಂಕಣಿಯಲ್ಲಿ ಮಾತಾಡಿ ಇಟ್ಟೆ ನೋಡು, ಒಳಗಿದ್ದ ಅಂಗಡಿಯ ಮಾಮ್ ತಲೆಯೆತ್ತಿದರು. "ನಮ್ಮದು" ಅನ್ನೋದಕ್ಕೆ ಅವರು "ಆಮ್ಗೆಲೆ" ಅನ್ನುವವರು, ನಾವು "ಆಮ್ಚೆಂ" ಅನ್ನುವವರು. ಆದರೂ ಕೊಂಕಣಿ ಕೊಂಕಣಿಯೇ ತಾನೇ. ಸ್ಟೂಲು ಕೊಟ್ಟರು. ಯಾರು, ಏನು, ಮೊದಲಿನ ಹೆಸರು ಏನು ಅಂತ ಕೇಳಿದರು. ಪ್ರಭು ಅಂದೆ. "ಯಾವ ಊರಿನ ಪ್ರಭು?" ವೆರ್ಣ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗಲ್ಲಾದ ಮೇಲಿನ ದೇವಿಯ ಪಟ ತೋರಿಸಿದರು. ಗೋವಾದ ಮಾರ್ದೋಳದ ಮ್ಹಾಳಸಾ. 1560ರ ದಶಕದಲ್ಲಿ ಪೋರ್ಚುಗೀಸರು ಗುಡಿ ಕೆಡವುವ ಹೊತ್ತಿಗೆ ಮೂರ್ತಿಯನ್ನು ಹೊಳೆ ದಾಟಿಸಿ ಮಾರ್ದೋಳಕ್ಕೆ ಒಯ್ದರು. ಅದಕ್ಕೂ ಮೊದಲು ಆ ದೇವಿ ಇದ್ದದ್ದು ವೆರ್ಣದಲ್ಲಿ. ಅಂಗಡಿಯ ಬೋರ್ಡಿನಲ್ಲಿದ್ದ ಹೆಸರೂ ಪ್ರಭು. ಮಳೆಯ ಗಡಿಬಿಡಿಯಲ್ಲಿ ನಾನು ನೋಡಿರಲೇ ಇಲ್ಲ.

"ನಿಮ್ಮವರು ಉಳಿದರು, ನಮ್ಮವರು ಓಡಿದರು" ಅಂದು ನಕ್ಕರು. ನಾನೂ ನಕ್ಕೆ. ವೆರ್ಣದಲ್ಲಿ ಎಷ್ಟು ಪ್ರಭುಗಳಿದ್ದರೋ. ಒಂದೇ ಮನೆಯವರು ಅಂತ ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಐವತ್ತು ವರ್ಷದಿಂದ ಆ ಅಂಗಡಿಯ ಎದುರೇ ಓಡಾಡಿದ್ದೇನೆ, ಒಂದು ಸೌಟೂ ಕೊಂಡಿರಲಿಲ್ಲ. ಅವತ್ತು ಬೇಡದಿದ್ದರೂ ಒಂದು ಹಿತ್ತಾಳೆ ಸೌಟು ತಂದೆ. ಜಾಸ್ತಿ ಕೊಟ್ಟೆ ಅಂತ ಮಮ್ಮಿ ಬೈದಳು. ನೆಂಟರು ಅಂತ ಅವರು ರೇಟಿನಲ್ಲಿ ಏನೂ ಬಿಡಲಿಲ್ಲ ಬಿಡು.

ನಿನ್ನ ಲಿಸ್ಬನ್ ಅಜ್ಜಿಗೆ ಇದನ್ನೆಲ್ಲ ಹೇಳಿ ಬೇಸರ ಮಾಡಬೇಡ. ಅವರು ನೆಂಟರು ಅಂದುಕೊಂಡರೆ ಅಂದುಕೊಳ್ಳಲಿ, ಅಲ್ವಾ? ಹೇಗೂ ಹಿತ್ತಿಲಿನ ಮರದಲ್ಲಿ ಈ ಸಲ ಪೇರಳೆ ಗೊಂಚಲುಗೊಂಚಲಾಗಿ ಬಿಟ್ಟಿದೆ. ಕೊಂಕಣಿಯಲ್ಲಿ ಪೇರ್ ಅನ್ನುತ್ತೇವಲ್ಲ, ಅದೂ ಅವರ ಪೇರ್ ಹಣ್ಣಿನ ಹೆಸರೇ ಅಂತೆ. ಮಮ್ಮಿ ಹೊಸ ಸೌಟಿನಲ್ಲೇ ತಿರುವಿ ಪೆರಾದ್, ಅಂದರೆ ಪೇರಳೆಯ ಸಿಹಿ, ಮಾಡಿದ್ದಾಳೆ. ಬರುವ ತಿಂಗಳು ಅಲ್ಲಿಗೆ ಬರುವವರ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತೇವೆ. ಅರ್ಧ ಅವರಿಗೆ ಕೊಡು. ಬಾಯಿಗೆ ಹಾಕಿಕೊಂಡ ಮೇಲೆ ಇದಕ್ಕೆ ಅವರು ಏನು ಹೆಸರು ಹೇಳುತ್ತಾರೆ ಅಂತ ಕೇಳಿ ಬರೆ.

ನಿನ್ನ,
ಪಪ್ಪ